ಬ್ರೌಸರ್ ಬದಲಿಸುವ ಮುನ್ನ: ಖಾಸಗಿತನ ಕಾಯುವ ಬ್ರೌಸರ್ ಆರಿಸಿಕೊಳ್ಳುವುದು ಹೇಗೆ?

ಕಾಫಿ ಕೊಯ್ಲಿನ ದಿನಗಳಲ್ಲಿ ಚಿಕ್ಕಮಗಳೂರಿನ ಕಡೆ ಬೆಳಗಾದರೆ ಎಲ್ಲರ ಕೈಯಲ್ಲೂ ಮೊಬೈಲ್. ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟಾಯ್ತು, ರೊಬಸ್ಟಾ ಚೆರ್ರಿ ಚೀಲಕ್ಕೆ ಎಷ್ಟು, ಕಾಳುಮೆಣಸು ಏರಿತಾ ಇಳಿಯಿತಾ ಅಂತ ನೋಡುವುದೇ ಮೊದಲ ಕೆಲಸ. ಆದರೆ ರೇಟಿನ ಪುಟ ತೆರೆದರೆ ಮೊದಲು ಕಾಣುವುದು ರೇಟಲ್ಲ. ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳುವ ಪೆಟ್ಟಿಗೆ ಬರುತ್ತದೆ. ಅದನ್ನು ಮುಚ್ಚಿದರೆ ಸಾಲದ ಜಾಹೀರಾತು, ಅದರ ಕೆಳಗೆ ತಾನಾಗಿಯೇ ಓಡುವ ವಿಡಿಯೊ. ನೀವು ರೇಟು ಹುಡುಕುವಷ್ಟರಲ್ಲಿ, ಹೆಸರೇ ಕೇಳಿರದ ಹಲವು ಕಂಪನಿಗಳಿಗೆ ನೀವು ಬಂದ ಸುದ್ದಿ ಮುಟ್ಟಿರುತ್ತದೆ.

ಇದನ್ನು ತಡೆಯಲು ಕಂಪ್ಯೂಟರ್ ಓದಿರಬೇಕಾಗಿಲ್ಲ. ಬ್ರೌಸರ್, ಅಂದರೆ ವೆಬ್‌ಸೈಟ್ ತೆರೆದು ತೋರಿಸುವ ಆ್ಯಪ್, ಸರಿಯಾದದ್ದಿದ್ದರೆ ಬಹುಪಾಲು ಕೆಲಸ ಅದೇ ಮಾಡುತ್ತದೆ. ಯಾವುದು ಸರಿಯಾದದ್ದು ಎಂದು ತಿಳಿಯಲು ಮೂರು ಪ್ರಶ್ನೆ ಕೇಳಿದರೆ ಸಾಕು. ಇದನ್ನು ಮಾಡುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಇದರ ಕೋಡ್ ಹೊರಗಿನವರು ನೋಡಬಹುದಾ? ಅಪ್‌ಡೇಟ್ ತಪ್ಪದೆ ಬರುತ್ತದಾ? ಪರಿಚಯದವರ ಮೊಬೈಲು, ಲ್ಯಾಪ್‌ಟಾಪ್ ಸರಿ ಮಾಡಿಕೊಡುವಾಗ ನಾನು ನೋಡುವುದೂ ಇವನ್ನೇ.

ಹಂತ 1: ಈಗ ಇರುವುದನ್ನು ಶುಚಿ ಮಾಡಿ

ಹೊಸದನ್ನು ಹಾಕಿಕೊಳ್ಳುವ ಮೊದಲು ಹಳೆಯದರ ಸ್ಥಿತಿ ನೋಡಿ. ಬಹಳ ಜನರ ಮೊಬೈಲಿನಲ್ಲಿ ಕ್ರೋಮ್ ಇರುತ್ತದೆ. ಅದರಲ್ಲಿ ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಒಳಗೆ ಹೋಗಿ. ಅನುಮತಿ ಪಡೆದಿರುವ ಸೈಟುಗಳ ಪಟ್ಟಿ ಅಲ್ಲಿರುತ್ತದೆ.

ಆಲ್ದೂರು ಕಡೆಯ ಬೆಳೆಗಾರರೊಬ್ಬರು ಮೊಬೈಲ್ ತಂದು, ‘ನೋಡಿ ಸಾರ್, ವೈರಸ್ ಬಂದಿದೆ ಅಂತ ಹೇಳ್ತಾನೇ ಇದೆ, ಬ್ಯಾಟರಿ ಹಾಳಾಗುತ್ತಂತೆ’ ಎಂದರು. ಪರದೆಯ ಮೇಲೆ ಕೆಂಪು ಬಣ್ಣದ ಎಚ್ಚರಿಕೆಗಳು ಸಾಲಾಗಿ ಕೂತಿದ್ದವು. ಒಂದನ್ನು ಬೆರಳಿನಿಂದ ಸರಿಸಿದರೆ ಇನ್ನೊಂದು. ಎಚ್ಚರಿಕೆಯನ್ನು ಒತ್ತಿ ಹಿಡಿದಾಗ ಅದು ಬರುತ್ತಿದ್ದದ್ದು ಕ್ರೋಮ್‌ನಿಂದ ಎಂದು ಗೊತ್ತಾಯಿತು. ಮೇಲಿನ ಪಟ್ಟಿ ತೆರೆದರೆ ಜಾತಕದ ಸೈಟು, ಸಿನಿಮಾ ಡೌನ್‌ಲೋಡ್ ಸೈಟು, ಅರ್ಥವೇ ಆಗದ ಹೆಸರಿನ ಸೈಟುಗಳು. ಯಾವತ್ತೋ ಪುಟ ತೆರೆಯುವ ಅವಸರದಲ್ಲಿ ‘ಅಲೋ’ ಒತ್ತಿದ್ದರು, ಅಷ್ಟೇ. ಒಂದೊಂದನ್ನೂ ಆಫ್ ಮಾಡಿದ ಮೇಲೆ ಎಚ್ಚರಿಕೆಗಳು ನಿಂತವು. ವೈರಸ್ ಇರಲೇ ಇಲ್ಲ. ಆ ಎಚ್ಚರಿಕೆಯನ್ನು ನಂಬಿ ಅದು ಹೇಳಿದ ‘ಕ್ಲೀನರ್’ ಆ್ಯಪ್ ಹಾಕಿಕೊಂಡಿದ್ದರೆ ನಿಜವಾದ ತೊಂದರೆ ಶುರುವಾಗುತ್ತಿತ್ತು.

ಅದೇ ಜಾಗದಲ್ಲಿ ಲೊಕೇಶನ್, ಕ್ಯಾಮೆರಾ, ಮೈಕ್ರೊಫೋನ್ ಪಟ್ಟಿಯನ್ನೂ ನೋಡಿಬಿಡಿ. ಕಾಫಿ ರೇಟಿನ ಸೈಟಿಗೆ ನೀವೆಲ್ಲಿದ್ದೀರಿ ಎಂದು ಗೊತ್ತಾಗಬೇಕಾದ ಅಗತ್ಯವೇ ಇಲ್ಲ, ಅಲ್ವಾ?

ಹಂತ 2: ನಿಮ್ಮ ಬೆನ್ನು ಹತ್ತುವ ಬಗೆ ಅರ್ಥ ಮಾಡಿಕೊಳ್ಳಿ

ನೀವು ಮೆಣಸಿನ ರೇಟು ನೋಡಲು ಒಂದು ಸೈಟಿಗೆ ಹೋದಿರಿ ಎನ್ನೋಣ. ಆ ಪುಟದೊಳಗೆ ಒಂದು ಜಾಹೀರಾತು ಕಂಪನಿಯ ಕೋಡ್ ಕೂಡ ಇರುತ್ತದೆ. ಅದು ನಿಮ್ಮ ಬ್ರೌಸರಿನಲ್ಲಿ ಒಂದು ಚಿಕ್ಕ ಗುರುತು ಇಟ್ಟು ಹೋಗುತ್ತದೆ. ಇದೇ ಥರ್ಡ್ ಪಾರ್ಟಿ ಕುಕಿ. ಮಧ್ಯಾಹ್ನ ಸಕ್ಕರೆ ಕಾಯಿಲೆಯ ಮಾತ್ರೆ ಬಗ್ಗೆ ಇನ್ನೊಂದು ಸೈಟಿನಲ್ಲಿ ಓದುತ್ತೀರಿ. ಅಲ್ಲಿಯೂ ಅದೇ ಕಂಪನಿಯ ಕೋಡ್ ಇದ್ದರೆ ಬೆಳಗಿನ ಗುರುತನ್ನು ಓದಿ, ಎರಡೂ ಕಡೆ ಬಂದವರು ಒಬ್ಬರೇ ಎಂದು ಜೋಡಿಸುತ್ತದೆ. ಸಂಜೆ ಚಿನ್ನದ ಸಾಲ ಹುಡುಕಿದರೆ ಅದೂ ಸೇರಿತು. ನಿಮ್ಮ ಹೆಸರು ಗೊತ್ತಿಲ್ಲದಿದ್ದರೂ ನೀವು ಬೆಳೆಗಾರರು, ಆರೋಗ್ಯ ಹೀಗಿದೆ, ಕೈಯಲ್ಲಿ ದುಡ್ಡಿನ ಅಡಚಣೆ ಇದೆ ಎಂಬ ಚಿತ್ರ ತಯಾರಾಯಿತು. ಈ ಮೂರನ್ನು ನೀವು ಒಟ್ಟಿಗೆ ಅಕ್ಕಪಕ್ಕದವರಿಗೂ ಹೇಳಿರುವುದಿಲ್ಲ.

ಆ್ಯಪಲ್‌ನ ಬ್ರೌಸರ್ ಸಫಾರಿ 2020ರಲ್ಲೇ ಇಂಥ ಕುಕಿಗಳನ್ನು ಪೂರ್ತಿ ತಡೆಯಿತು. ಮೊಜಿಲ್ಲಾ ಸಂಸ್ಥೆಯ ಬ್ರೌಸರ್ ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡುತ್ತದೆ, ಆದ್ದರಿಂದ ಒಂದು ಕಡೆಯ ಗುರುತು ಇನ್ನೊಂದು ಕಡೆ ಸಿಗುವುದಿಲ್ಲ. ಕ್ರೋಮ್‌ನಿಂದಲೂ ಇವನ್ನು ತೆಗೆಯುತ್ತೇವೆ ಎಂದು ಗೂಗಲ್ 2020ರಲ್ಲಿ ಹೇಳಿತ್ತು. ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ ಬಂದು 2024ರ ಜುಲೈನಲ್ಲಿ ಆ ಯೋಚನೆ ಕೈಬಿಟ್ಟಿತು.

ಕುಕಿ ಇಲ್ಲದೆಯೂ ಗುರುತು ಹಿಡಿಯುತ್ತಾರೆ. ಪರದೆಯ ಅಳತೆ, ಭಾಷೆ, ಫಾಂಟುಗಳು, ಮೊಬೈಲಿನ ಮಾಡೆಲ್ ಎಲ್ಲವನ್ನೂ ಸೇರಿಸಿದರೆ ನಿಮ್ಮ ಸಾಧನ ಬೇರೆಲ್ಲದರಿಂದ ಬೇರೆಯಾಗಿ ಕಾಣುತ್ತದೆ. ಇದಕ್ಕೆ ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ. ಇದನ್ನು ತಡೆಯುವುದು ಕುಕಿ ತಡೆದಷ್ಟು ಸುಲಭವಲ್ಲ.

‘ನಾನು ಇನ್ಕಾಗ್ನಿಟೋದಲ್ಲಿ ನೋಡ್ತೀನಿ, ನಂಗೇನೂ ಆಗಲ್ಲ’ ಎನ್ನುವವರು ಬಹಳ. ಇನ್ಕಾಗ್ನಿಟೋ ಅಂದರೆ ಕ್ರೋಮ್‌ನ ಪ್ರೈವೇಟ್ ಕಿಟಕಿ. ಅದು ಮಾಡುವ ಮುಖ್ಯ ಕೆಲಸ ಒಂದೇ. ಕಿಟಕಿ ಮುಚ್ಚಿದ ಮೇಲೆ ನಿಮ್ಮ ಸಾಧನದಲ್ಲಿ ಆ ಭೇಟಿಯ ಹಿಸ್ಟರಿ, ಕುಕಿ ಉಳಿಸುವುದಿಲ್ಲ. ನೀವು ಹೋದ ಸೈಟಿಗೆ, ಇಂಟರ್ನೆಟ್ ಕೊಡುವ ಕಂಪನಿಗೆ, ಆಫೀಸಿನ ನೆಟ್‌ವರ್ಕಿಗೆ ನೀವು ಕಾಣುತ್ತಲೇ ಇರುತ್ತೀರಿ. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆ ಬಿತ್ತು. 2024ರಲ್ಲಿ ರಾಜಿಯಾಗಿ, ಹಾಗೆ ಸಂಗ್ರಹಿಸಿದ್ದ ಮಾಹಿತಿಯನ್ನು ಅಳಿಸಲು ಕಂಪನಿ ಒಪ್ಪಿತು.

ಹಂತ 3: ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿ

ಬ್ರೌಸರ್ ನಮಗೆ ಪುಕ್ಕಟೆ ಸಿಗುತ್ತದೆ. ಮಾಡುವವರಿಗೆ ಮಾತ್ರ ಖರ್ಚು ಬಹಳ. ಆ ಖರ್ಚು ಯಾರು ಕೊಡುತ್ತಾರೆ ಎನ್ನುವುದರ ಮೇಲೆ ಬ್ರೌಸರ್ ಯಾರ ಪರ ವಾಲುತ್ತದೆ ಎನ್ನುವುದು ನಿಂತಿರುತ್ತದೆ.

ಕ್ರೋಮ್ ಗೂಗಲ್‌ನದು. ಗೂಗಲ್‌ಗೆ ಬರುವ ಆದಾಯದಲ್ಲಿ ದೊಡ್ಡ ಪಾಲು ಜಾಹೀರಾತಿನದು. ನಿಮ್ಮ ಬಗ್ಗೆ ಜಾಸ್ತಿ ಗೊತ್ತಿದ್ದಷ್ಟೂ ಆ ವ್ಯಾಪಾರಕ್ಕೆ ಒಳ್ಳೆಯದು. ಭದ್ರತೆಯ ವಿಷಯದಲ್ಲಿ ಕ್ರೋಮ್ ಗಟ್ಟಿ ಬ್ರೌಸರ್, ಅದರಲ್ಲಿ ಅನುಮಾನವಿಲ್ಲ. ಕಳ್ಳರನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಭದ್ರತೆ ಬೇರೆ, ಖಾಸಗಿತನ ಬೇರೆ.

ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಹಿಂದೆ ಲಾಭಕ್ಕಾಗಿ ನಡೆಯದ ಒಂದು ಪ್ರತಿಷ್ಠಾನವಿದೆ. ಇದನ್ನು ಹೊಗಳುವವರು ಹೇಳದೆ ಬಿಡುವ ಮಾತೊಂದಿದೆ: ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರುವುದು ಗೂಗಲ್‌ನಿಂದಲೇ. ಫೈರ್‌ಫಾಕ್ಸ್‌ನಲ್ಲಿ ಮೊದಲಿನಿಂದ ಇರುವ ಹುಡುಕಾಟದ ಜಾಗ ಗೂಗಲ್‌ಗೆ ಎಂಬ ಒಪ್ಪಂದದ ದುಡ್ಡು ಅದು. ನಿಮ್ಮ ಮಾಹಿತಿ ಮಾರಿ ಬಂದ ದುಡ್ಡಲ್ಲ. ಆದರೂ ಹಂಗು ಹಂಗೇ.

ಬ್ರೇವ್ ಎಂಬ ಇನ್ನೊಂದು ಬ್ರೌಸರಿನ ಆದಾಯಕ್ಕೆ ತನ್ನದೇ ಜಾಹೀರಾತು ವ್ಯವಸ್ಥೆ ಒಂದು ದಾರಿ. ಅದರ ಜೊತೆ ಕ್ರಿಪ್ಟೊ ಟೋಕನ್, ಅಂದರೆ ಅದರದೇ ಡಿಜಿಟಲ್ ನಾಣ್ಯ, ಕೂಡ ಇದೆ. ಎಡ್ಜ್ ಮೈಕ್ರೋಸಾಫ್ಟ್‌ನದು, 2020ರಿಂದ ಕ್ರೋಮಿಯಂ ಮೇಲೆ, ಅಂದರೆ ಕ್ರೋಮ್‌ಗೂ ಅಡಿಪಾಯವಾದ ಕೋಡ್ ಮೇಲೆ, ನಿಂತಿದೆ. ಸಫಾರಿಗೆ ಆ್ಯಪಲ್‌ನ ಮೊಬೈಲ್ ವ್ಯಾಪಾರ ದೊಡ್ಡ ಆಧಾರ, ಆದರೆ ಹುಡುಕಾಟದ ಜಾಗಕ್ಕಾಗಿ ಗೂಗಲ್‌ನಿಂದ ಅಲ್ಲಿಗೂ ದುಡ್ಡು ಹೋಗುತ್ತದೆ.

ಮೊಬೈಲ್ ಕಂಪನಿಯೇ ಹಾಕಿ ಕೊಡುವ ಬ್ರೌಸರುಗಳ ವಿಷಯದಲ್ಲಿ ನನ್ನ ಸಲಹೆ ನೇರವಾದದ್ದು: ಬಳಸಬೇಡಿ. ಶಿಯೋಮಿಯ ಬ್ರೌಸರ್ ಪ್ರೈವೇಟ್ ಮೋಡ್‌ನಲ್ಲಿ ನೋಡಿದ್ದನ್ನೂ ಕಂಪನಿಗೆ ಕಳಿಸುತ್ತಿದೆ ಎಂದು 2020ರಲ್ಲಿ ಭದ್ರತಾ ಸಂಶೋಧಕರು ತೋರಿಸಿದರು. ಕಂಪನಿ ಆರೋಪ ಒಪ್ಪಲಿಲ್ಲ, ಆದರೆ ಅದನ್ನು ನಿಲ್ಲಿಸುವ ಸ್ವಿಚ್ಚನ್ನು ಅಪ್‌ಡೇಟ್‌ನಲ್ಲಿ ಕೊಟ್ಟಿತು. ಒಂದು ಕಾಲಕ್ಕೆ ನಮ್ಮ ಕಡೆ ಎಲ್ಲರ ಮೊಬೈಲಿನಲ್ಲಿದ್ದ ಯುಸಿ ಬ್ರೌಸರನ್ನು ಕೇಂದ್ರ ಸರ್ಕಾರ 2020ರ ಜೂನ್ 29ರಂದು ಇತರ 58 ಆ್ಯಪ್‌ಗಳ ಜೊತೆ ನಿಷೇಧಿಸಿತು. ಹಳೇ ಮೊಬೈಲಿನಲ್ಲಿ ಅದು ಇನ್ನೂ ಕೂತಿದ್ದರೆ ತೆಗೆದುಹಾಕಿ.

ಹಂತ 4: ಓಪನ್ ಸೋರ್ಸ್ ಎಂಬ ಮಾತನ್ನು ತೂಗಿ ನೋಡಿ

ಓಪನ್ ಸೋರ್ಸ್ ಅಂದರೆ ಆ ಬ್ರೌಸರಿನ ಕೋಡ್ ಯಾರು ಬೇಕಾದರೂ ಓದಬಹುದು, ಬೇಕಾದರೆ ಅದರಿಂದ ಬೇರೆ ಬ್ರೌಸರ್ ಮಾಡಿಕೊಳ್ಳಬಹುದು. ನಾವು ಕಾಫಿ ಚೀಲ ಮಾರುವಾಗ ತೂಕ ನಮ್ಮ ಕಣ್ಣೆದುರೇ ಆಗಬೇಕು ಎನ್ನುತ್ತೇವಲ್ಲ, ಅದೇ ರೀತಿ. ಪ್ರತಿಸಲ ನಾವೇ ತಕ್ಕಡಿ ಪರೀಕ್ಷಿಸುವುದಿಲ್ಲ. ಯಾರು ಬೇಕಾದರೂ ಪರೀಕ್ಷಿಸಬಹುದು ಎನ್ನುವುದೇ ತೂಗುವವರನ್ನು ಸರಿದಾರಿಯಲ್ಲಿ ಇಡುತ್ತದೆ.

ಓಪನ್ ಸೋರ್ಸ್ ಆದ ಮಾತ್ರಕ್ಕೆ ತಪ್ಪು ನಡೆಯುವುದಿಲ್ಲ ಎಂದಲ್ಲ. 2020ರಲ್ಲಿ ಬ್ರೇವ್‌ನಲ್ಲಿ ಒಂದು ಕ್ರಿಪ್ಟೊ ಸೈಟಿನ ವಿಳಾಸ ಟೈಪ್ ಮಾಡಿದರೆ, ಬ್ರೇವ್‌ಗೆ ಕಮಿಷನ್ ಸಿಗುವ ಕೋಡ್ ತಾನಾಗಿಯೇ ಸೇರಿಕೊಳ್ಳುತ್ತಿತ್ತು. ಬಳಕೆದಾರರೇ ಅದನ್ನು ಹಿಡಿದರು. ಕಂಪನಿ ಕ್ಷಮೆ ಕೇಳಿ ತೆಗೆಯಿತು. 2024ರಲ್ಲಿ ಫೈರ್‌ಫಾಕ್ಸ್ 128ನೇ ಆವೃತ್ತಿಯಲ್ಲಿ ಜಾಹೀರಾತಿನ ಫಲ ಅಳೆಯುವ ಒಂದು ಪ್ರಯೋಗ ಕೇಳದೆಯೇ ಆನ್ ಆಗಿತ್ತು. 2025ರ ಫೆಬ್ರವರಿಯಲ್ಲಿ ಮೊಜಿಲ್ಲಾ ತನ್ನ ಬಳಕೆಯ ಷರತ್ತು ಬದಲಿಸಿ, ಮಾಹಿತಿ ಮಾರುವುದಿಲ್ಲ ಎಂಬ ಹಳೇ ಭರವಸೆಯ ಮಾತುಗಳನ್ನು ತೆಗೆದಾಗ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಆ ಷರತ್ತುಗಳನ್ನು ತಿದ್ದಿ ಬರೆದರು. ಇವೆಲ್ಲ ನನಗೆ ಬೇಸರ ತರಿಸಿದ ಘಟನೆಗಳೇ. ಆದರೂ ತೆರೆದ ಕೋಡ್, ಕಣ್ಣಿಟ್ಟು ಕಾಯುವ ಜನ ಎರಡೂ ಇದ್ದುದರಿಂದಲೇ ಇವು ಬೇಗ ಬಯಲಿಗೆ ಬಂದವು. ಮುಚ್ಚಿದ ಕೋಡಿನಲ್ಲಿ ಇಂಥದ್ದು ಎಷ್ಟು ದಿನ ಅಡಗಿರಬಹುದು ಎಂದು ಯೋಚಿಸಿ.

ಅರ್ಧ ತೆರೆದ, ಅರ್ಧ ಮುಚ್ಚಿದ ಬ್ರೌಸರುಗಳೂ ಇವೆ. ಕ್ರೋಮಿಯಂ ಓಪನ್ ಸೋರ್ಸ್, ಅದರ ಮೇಲೆ ಗೂಗಲ್ ತನ್ನ ಭಾಗಗಳನ್ನು ಸೇರಿಸಿ ಮಾಡುವ ಕ್ರೋಮ್ ಅಲ್ಲ. ವಿವಾಲ್ಡಿ ಕೂಡ ಕ್ರೋಮಿಯಂನಿಂದಲೇ ಬಂದದ್ದು, ಆದರೆ ಕಣ್ಣಿಗೆ ಕಾಣುವ ಮೇಲ್ಭಾಗದ ಕೋಡನ್ನು ಅವರು ಓಪನ್ ಸೋರ್ಸ್ ಮಾಡಿಲ್ಲ. ಸಫಾರಿಯ ಎಂಜಿನ್ (ಪುಟವನ್ನು ಪರದೆಯ ಮೇಲೆ ಮೂಡಿಸುವ ಒಳಭಾಗ) ವೆಬ್‌ಕಿಟ್ ತೆರೆದದ್ದು, ಸಫಾರಿ ಮುಚ್ಚಿದ್ದು.

ಇನ್ನು ಅಪ್‌ಡೇಟ್. ಬ್ರೌಸರುಗಳಲ್ಲಿ ಭದ್ರತೆಯ ತೂತುಗಳು ಸಿಗುತ್ತಲೇ ಇರುತ್ತವೆ. ದೊಡ್ಡ ತಂಡಗಳು ಬೇಗ ಮುಚ್ಚುತ್ತವೆ. ಫೈರ್‌ಫಾಕ್ಸ್ ಅಥವಾ ಕ್ರೋಮಿಯಂ ಕೋಡ್ ತೆಗೆದುಕೊಂಡು ಬೆರಳೆಣಿಕೆಯ ಸ್ವಯಂಸೇವಕರು ನಡೆಸುವ ಬ್ರೌಸರಿನಲ್ಲಿ ಅದೇ ತೂತು ಇನ್ನೂ ಸ್ವಲ್ಪ ದಿನ ತೆರೆದಿರಬಹುದು. ಖಾಸಗಿತನದ ಆಸಕ್ತರು ಮೆಚ್ಚಿದ್ದ ಮಲ್ ಎಂಬ ಆಂಡ್ರಾಯ್ಡ್ ಬ್ರೌಸರ್ 2024ರ ಕೊನೆಗೆ ನಿಂತೇ ಹೋಯಿತು. ಬ್ರೋಮೈಟ್ ಅದಕ್ಕೂ ಮೊದಲೇ ನಿಂತಿತು. ಇಂಥದ್ದನ್ನು ಗೊತ್ತಿಲ್ಲದೆ ಬಳಸುತ್ತಿದ್ದರೆ ಖಾಸಗಿತನವೂ ಇಲ್ಲ, ಭದ್ರತೆಯೂ ಇಲ್ಲ. ಹೆಸರು ಕೇಳದ ಬ್ರೌಸರ್ ಹಾಕಿಕೊಳ್ಳುವ ಮೊದಲು ಕೊನೆಯ ಅಪ್‌ಡೇಟ್ ತಾರೀಕು ನೋಡಿ. ಎರಡು ತಿಂಗಳಿಗಿಂತ ಹಳೆಯದಾಗಿದ್ದರೆ ಬಿಟ್ಟುಬಿಡಿ.

ಹಂತ 5: ನಿಮಗೆ ಯಾವುದು?

ಆಂಡ್ರಾಯ್ಡ್ ಮೊಬೈಲ್ ಇರುವ ಹೆಚ್ಚಿನವರಿಗೆ ನಾನು ಹೇಳುವುದು ಫೈರ್‌ಫಾಕ್ಸ್, ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ). ಇದಕ್ಕೆ ಕಾರಣ ಬರೀ ಆದರ್ಶವಲ್ಲ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ. ಕಂಪ್ಯೂಟರಿನ ಕ್ರೋಮ್ ಕೂಡ 2025ರಲ್ಲಿ ಹಳೆಯ ಬಗೆಯ ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸಿದ್ದರಿಂದ ಯುಬ್ಲಾಕ್ ಆರಿಜಿನ್ ಅಲ್ಲಿ ಈಗ ಕೆಲಸ ಮಾಡುವುದಿಲ್ಲ. ಶಕ್ತಿ ಕಡಿಮೆ ಮಾಡಿದ ಲೈಟ್ ಆವೃತ್ತಿ ಮಾತ್ರ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಆವೃತ್ತಿಯೇ ಇದೆ.

ಮಲೆನಾಡಿನಲ್ಲಿ ಇರುವವರಿಗೆ ಇದರಿಂದ ಇನ್ನೊಂದು ದೊಡ್ಡ ಉಪಕಾರ ಇದೆ. ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ, ಕಳಸದ ಕಡೆ ಹೋದರೆ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ. ಆ ಒಂದು ಕಡ್ಡಿಯಲ್ಲಿ ಮೊದಲು ಜಾಹೀರಾತಿನ ವಿಡಿಯೊ, ಬೆನ್ನು ಹತ್ತುವ ಕೋಡ್ ಅಂದರೆ ಟ್ರ್ಯಾಕರ್‌ಗಳೆಲ್ಲ ಇಳಿದು ಆಮೇಲೆ ಸುದ್ದಿ ಬರಬೇಕು. ಯುಬ್ಲಾಕ್ ಅವನ್ನು ಇಳಿಸಿಕೊಳ್ಳುವುದೇ ಇಲ್ಲ. ಅರ್ಧಕ್ಕೆ ನಿಲ್ಲುತ್ತಿದ್ದ ಪುಟ ಪೂರ್ತಿ ತೆರೆಯುತ್ತದೆ, ಡೇಟಾ ಉಳಿಯುತ್ತದೆ. ಖಾಸಗಿತನದ ಮಾತು ತಲೆಗೆ ಹೋಗದವರೂ ಈ ಒಂದು ಕಾರಣಕ್ಕೆ ಬದಲಿಸಿದ್ದನ್ನು ನೋಡಿದ್ದೇನೆ.

ಫೈರ್‌ಫಾಕ್ಸ್‌ನ ಇನ್ನೊಂದು ಗುಣ ನನಗೆ ಬಹಳ ಮುಖ್ಯ. ಕ್ರೋಮ್, ಎಡ್ಜ್, ಬ್ರೇವ್, ವಿವಾಲ್ಡಿ, ಸ್ಯಾಮ್ಸಂಗ್ ಇಂಟರ್ನೆಟ್ ಎಲ್ಲವೂ ಕ್ರೋಮಿಯಂನ ಮಕ್ಕಳೇ. ಫೈರ್‌ಫಾಕ್ಸ್‌ನ ಎಂಜಿನ್ ಗೆಕ್ಕೊ ಬೇರೆ. ಎಲ್ಲರೂ ಒಂದೇ ಎಂಜಿನ್‌ಗೆ ಜೋತುಬಿದ್ದರೆ ವೆಬ್ ಹೇಗಿರಬೇಕು ಎಂದು ಒಂದೇ ಕಂಪನಿ ತೀರ್ಮಾನಿಸುತ್ತದೆ. ಯುಬ್ಲಾಕ್‌ಗೆ ಕ್ರೋಮ್‌ನಲ್ಲಿ ಆದದ್ದು ಅದೇ.

ಒಂದು ಕೊರತೆಯನ್ನೂ ಹೇಳಬೇಕು. ಒಂದು ಸೈಟನ್ನು ಇನ್ನೊಂದರಿಂದ ಬೇರ್ಪಡಿಸಿ ಇಡುವ ಭದ್ರತೆಯಲ್ಲಿ, ಆಂಡ್ರಾಯ್ಡ್ ಮಟ್ಟಿಗೆ, ಕ್ರೋಮಿಯಂ ಬ್ರೌಸರುಗಳು ಫೈರ್‌ಫಾಕ್ಸ್‌ಗಿಂತ ಮೊದಲೇ ಮುಂದೆ ಹೋಗಿದ್ದವು. ಹಾಗಾಗಿ ಬ್ಯಾಂಕಿನ ಕೆಲಸಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಿ ಎಂದು ಮುಂದೆ ಹೇಳುತ್ತೇನೆ.

ಏನನ್ನೂ ತಿರುವಿ ತಿದ್ದುವ ತಾಳ್ಮೆ ಇಲ್ಲದವರಿಗೆ ಬ್ರೇವ್. ಹಾಕಿಕೊಂಡ ಕೂಡಲೇ ಜಾಹೀರಾತು, ಟ್ರ್ಯಾಕರ್ ತಡೆ ಆನ್ ಇರುತ್ತದೆ. ಫಿಂಗರ್‌ಪ್ರಿಂಟಿಂಗ್ ತಡೆಯೂ ಚೆನ್ನಾಗಿದೆ. ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ರೂಪಿಸಿದ, ಮೊಜಿಲ್ಲಾ ಕಟ್ಟಿದವರಲ್ಲಿ ಒಬ್ಬರಾದ ಬ್ರೆಂಡನ್ ಐಕ್ ಇದರ ಮುಖ್ಯಸ್ಥ. ಹಾಕಿಕೊಂಡ ಮೇಲೆ ರಿವಾರ್ಡ್ಸ್, ವಾಲೆಟ್ ಬಟನ್‌ಗಳನ್ನು ಮರೆಮಾಡಿ. ಆ ಕ್ರಿಪ್ಟೊ ವಿಷಯ ನಿಮಗೆ ಬೇಡ.

ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್‌ಗಿಂತ ಬಿಗಿಯಾದದ್ದು ಬೇಕು ಎನ್ನುವವರಿಗೆ ಲಿಬ್ರೆವುಲ್ಫ್ ಇದೆ. ಯುಬ್ಲಾಕ್ ಅದರೊಳಗೇ ಬರುತ್ತದೆ. ಮುಚ್ಚಿದಾಗ ಕುಕಿ ಅಳಿಸುವುದರಿಂದ ಪ್ರತಿಸಲ ಲಾಗಿನ್ ಆಗಬೇಕು, ಅದನ್ನು ಸಹಿಸಬೇಕು. ಟಾರ್ ಸಂಸ್ಥೆ ಮತ್ತು ಮುಲ್‌ವಾಡ್ ಎಂಬ ವಿಪಿಎನ್ ಕಂಪನಿ ಸೇರಿ 2023ರಲ್ಲಿ ತಂದ ಮುಲ್‌ವಾಡ್ ಬ್ರೌಸರ್ ಫಿಂಗರ್‌ಪ್ರಿಂಟಿಂಗ್ ತಡೆಯುವುದರಲ್ಲಿ ಒಳ್ಳೆಯದು. ಟಾರ್ ಬ್ರೌಸರ್ ನಿಮ್ಮ ಸಂಪರ್ಕವನ್ನು ಮೂರು ಕಡೆ ಹಾಯಿಸಿ ಕಳಿಸುತ್ತದೆ, ಹಾಗಾಗಿ ನಿಧಾನ. ತಮ್ಮ ಗುರುತು ಬಯಲಾದರೆ ಅಪಾಯ ಇರುವ ಪತ್ರಕರ್ತರು, ದೂರು ಕೊಡುವವರಿಗೆ ಅದು ಬೇಕು. ದಿನದ ಬಳಕೆಗೆ ಬೇಡ.

ಐಫೋನ್ ಇದ್ದವರಿಗೆ ಆಯ್ಕೆ ಕಡಿಮೆ. ನಮ್ಮ ದೇಶದಲ್ಲಿ ಐಫೋನಿನ ಪ್ರತಿ ಬ್ರೌಸರೂ ಒಳಗೆ ವೆಬ್‌ಕಿಟ್ ಎಂಜಿನ್ನನ್ನೇ ಬಳಸಬೇಕು. ಅಲ್ಲಿನ ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಹಾಕಲು ಆಗುವುದಿಲ್ಲ. ಸಫಾರಿಗೆ ಯುಬ್ಲಾಕ್ ಆರಿಜಿನ್ ಲೈಟ್ ಸೇರಿಸಿ, ಇಲ್ಲವೇ ಬ್ರೇವ್ ಹಾಕಿಕೊಳ್ಳಿ.

ಹಂತ 6: ಫೈರ್‌ಫಾಕ್ಸ್ ಹಾಕಿ, ಸರಿ ಮಾಡಿಕೊಳ್ಳುವುದು

ಪ್ಲೇ ಸ್ಟೋರ್‌ನಲ್ಲಿ ಫೈರ್‌ಫಾಕ್ಸ್ ಎಂದು ಹುಡುಕಿ. ಮೊದಲು ಬರುವುದು ಜಾಹೀರಾತಿನ ಬೇರೆ ಆ್ಯಪ್ ಆಗಿರಬಹುದು. ಕೆಳಗೆ ಮೊಜಿಲ್ಲಾ ಎಂಬ ಹೆಸರಿದೆಯೇ ನೋಡಿ ಇನ್‌ಸ್ಟಾಲ್ ಮಾಡಿ. ಮೊದಲ ಸಲ ತೆರೆದಾಗ ಡೀಫಾಲ್ಟ್ ಬ್ರೌಸರ್ ಮಾಡಲೇ ಎಂದು ಕೇಳುತ್ತದೆ, ಒಪ್ಪಿಕೊಳ್ಳಿ. ಅಕೌಂಟ್ ಮಾಡಿಕೊಳ್ಳುವುದು ಕಡ್ಡಾಯವಲ್ಲ, ಬಿಟ್ಟು ಮುಂದೆ ಹೋಗಿ.

ಆಮೇಲೆ ಮೂರು ಚುಕ್ಕಿಯ ಮೆನು ಒತ್ತಿ ಎಕ್ಸ್‌ಟೆನ್ಶನ್ಸ್‌ಗೆ ಹೋಗಿ, ಯುಬ್ಲಾಕ್ ಆರಿಜಿನ್ ಪಕ್ಕದ ಪ್ಲಸ್ ಒತ್ತಿ. ‘ಆರಿಜಿನ್’ ಎಂಬ ಪದ ಇರಲೇಬೇಕು. ಬರೀ ಯುಬ್ಲಾಕ್ ಎಂಬ ಹೆಸರಿನದ್ದು ಬೇರೆಯವರದು. ಒಂದೇ ಬ್ಲಾಕರ್ ಸಾಕು. ಎರಡು ಮೂರು ಹಾಕಿದರೆ ಒಂದಕ್ಕೊಂದು ಅಡ್ಡ ಬಂದು ಪುಟ ಕೆಡುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಎನ್‌ಹಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಎಂಬುದನ್ನು ಸ್ಟ್ರಿಕ್ಟ್‌ಗೆ ಹಾಕಿ. ಎಚ್‌ಟಿಟಿಪಿಎಸ್ ಓನ್ಲಿ ಮೋಡ್ ಆನ್ ಮಾಡಿ. ಆಗ ಗೂಢಲಿಪಿ ಇಲ್ಲದ ಸೈಟು ಬಂದರೆ ಅದು ಮೊದಲೇ ಎಚ್ಚರಿಸುತ್ತದೆ. ಡೇಟಾ ಕಲೆಕ್ಷನ್ ಎಂಬ ಪುಟಕ್ಕೆ ಹೋಗಿ ಅಲ್ಲಿರುವುದನ್ನೆಲ್ಲ ಆಫ್ ಮಾಡಿ. ಮೊಜಿಲ್ಲಾ ಒಳ್ಳೆಯದೇ ಇರಬಹುದು, ಆದರೂ ಕೊಡದಿದ್ದ ಮಾಹಿತಿ ಸೋರುವುದಿಲ್ಲ.

ಹುಡುಕಾಟಕ್ಕೆ ಡಕ್‌ಡಕ್‌ಗೋ ಆರಿಸಿಕೊಳ್ಳಬಹುದು. ಕನ್ನಡದಲ್ಲಿ ಹುಡುಕಿದಾಗ ಅದು ಇನ್ನೂ ಗೂಗಲ್‌ನಷ್ಟು ಚೆನ್ನಾಗಿಲ್ಲ ಎಂಬುದು ನನ್ನ ಅನುಭವ. ಸಿಗದಿದ್ದಾಗ ಮಾತ್ರ ಗೂಗಲ್‌ನಲ್ಲಿ ಹುಡುಕಿದರಾಯಿತು. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಇದೆ, ಬೇಕಾದವರು ಮೆನುವನ್ನೆಲ್ಲ ಕನ್ನಡಕ್ಕೆ ಬದಲಿಸಿಕೊಳ್ಳಬಹುದು.

ಇಷ್ಟಾದರೂ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಒತ್ತಿದ ಲಿಂಕ್ ಫೈರ್‌ಫಾಕ್ಸ್‌ಗೆ ಬರುವುದಿಲ್ಲ. ಆ ಆ್ಯಪ್‌ಗಳು ತಮ್ಮೊಳಗಿನ ಪುಟ್ಟ ಬ್ರೌಸರಿನಲ್ಲೇ ತೆರೆಯುತ್ತವೆ, ಅಲ್ಲಿ ನಿಮ್ಮ ಯಾವ ತಡೆಯೂ ಇಲ್ಲ. ಆ ಪುಟದ ಮೂರು ಚುಕ್ಕಿ ಒತ್ತಿ, ಹೊರಗಿನ ಬ್ರೌಸರಿನಲ್ಲಿ ತೆರೆಯುವ ಆಯ್ಕೆ ಬಳಸಿ.

ಕಂಪ್ಯೂಟರಿನಲ್ಲಾದರೆ ಕ್ರೋಮ್‌ನ ಬುಕ್‌ಮಾರ್ಕ್‌ಗಳನ್ನು ಫೈರ್‌ಫಾಕ್ಸ್ ತಾನೇ ಇಂಪೋರ್ಟ್ ಮಾಡಿಕೊಳ್ಳುತ್ತದೆ, ಪಾಸ್‌ವರ್ಡ್‌ಗಳನ್ನು ಮಾತ್ರ ಕ್ರೋಮ್‌ನಿಂದ ಫೈಲ್ ಆಗಿ ತೆಗೆದು ತರಬೇಕಾಗಬಹುದು. ಅದಕ್ಕಾಗಿ ಪಾಸ್‌ವರ್ಡ್ ಫೈಲ್ ಎಕ್ಸ್‌ಪೋರ್ಟ್ ಮಾಡಿದ್ದರೆ, ಕೆಲಸ ಮುಗಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. ಆ ಫೈಲ್ ತೆರೆದವರಿಗೆ ಎಲ್ಲ ಪಾಸ್‌ವರ್ಡೂ ಬರಿಗಣ್ಣಿಗೆ ಕಾಣುತ್ತದೆ.

ಹಂತ 7: ಕೆಲಸಕ್ಕೊಂದು, ಓದಲಿಕ್ಕೊಂದು

ಒಂದೇ ಬ್ರೌಸರಿನಲ್ಲಿ ಎಲ್ಲ ಮಾಡಬೇಕು ಎಂದೇನೂ ಇಲ್ಲ. ಸುದ್ದಿ, ರೇಟು, ಹುಡುಕಾಟ, ಖರೀದಿ ಎಲ್ಲ ಫೈರ್‌ಫಾಕ್ಸ್‌ನಲ್ಲಿ ಇರಲಿ. ಬ್ಯಾಂಕು, ಪಹಣಿ, ಸೇವಾ ಸಿಂಧು, ಕಾವೇರಿ ನೋಂದಣಿ, ತೆರಿಗೆ ಇಂಥವಕ್ಕೆ ಕ್ರೋಮ್ ಇಲ್ಲವೇ ಬ್ರೇವ್ ಇರಲಿ. ಬ್ಯಾಂಕಿನದೇ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ಆ ಎರಡನೇ ಬ್ರೌಸರಿನಲ್ಲಿ ಬೇರೆ ಯಾವ ಸೈಟನ್ನೂ ತೆರೆಯಬೇಡಿ. ಹೀಗೆ ಮಾಡಿದರೆ ನಿಮ್ಮ ಓದು, ಹುಡುಕಾಟ ಒಂದು ಕಡೆ, ನಿಮ್ಮ ಹೆಸರಿರುವ ಲಾಗಿನ್‌ಗಳು ಇನ್ನೊಂದು ಕಡೆ ಉಳಿಯುತ್ತವೆ. ಫಿಂಗರ್‌ಪ್ರಿಂಟಿಂಗ್ ತಡೆಯುವ ದೊಡ್ಡ ದೊಡ್ಡ ಉಪಾಯಗಳಿಗಿಂತ ಈ ಅಭ್ಯಾಸ ಸಾಮಾನ್ಯ ಜನರಿಗೆ ಜಾಸ್ತಿ ಉಪಯೋಗ ಎಂದು ನಾನು ನಂಬಿದ್ದೇನೆ.

ಸರ್ಕಾರಿ ಸೈಟಿನಲ್ಲಿ ಬಟನ್ ಒತ್ತಿದರೂ ಏನೂ ಆಗದಿದ್ದರೆ, ಬಹಳ ಸಲ ಕಾರಣ ಪಾಪ್‌ಅಪ್ ತಡೆ. ಪಹಣಿಯಂಥ ದಾಖಲೆ ಹೊಸ ಕಿಟಕಿಯಲ್ಲಿ ತೆರೆಯಬೇಕಾಗಿರುತ್ತದೆ, ಬ್ರೌಸರ್ ಅದನ್ನು ಜಾಹೀರಾತು ಎಂದು ತಡೆದಿರುತ್ತದೆ. ಆ ಒಂದು ಸೈಟಿಗೆ ಪಾಪ್‌ಅಪ್ ಅನುಮತಿ ಕೊಡಿ. ಫೈರ್‌ಫಾಕ್ಸ್‌ನಲ್ಲಿ ಪುಟ ಕೆಟ್ಟರೆ ವಿಳಾಸದ ಪಕ್ಕದ ಗುರಾಣಿ ಗುರುತು ಒತ್ತಿ ಆ ಸೈಟಿಗೆ ಮಾತ್ರ ತಡೆ ಆಫ್ ಮಾಡಬಹುದು. ಒಂದು ಪುಟ ತೆರೆಯಲಿಲ್ಲ ಎಂದು ಇಡೀ ಯುಬ್ಲಾಕ್ ತೆಗೆಯಬೇಡಿ.

ಬೇರೆಯವರ ಕಂಪ್ಯೂಟರಿನಲ್ಲಿ

ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ, ಕಾಲೇಜಿನ ಲ್ಯಾಬ್‌ನಲ್ಲಿ ಪ್ರೈವೇಟ್ ಕಿಟಕಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದರಲ್ಲೇ ಲಾಗಿನ್ ಆಗಿ, ಮುಗಿದ ಮೇಲೆ ಎಲ್ಲ ಪ್ರೈವೇಟ್ ಕಿಟಕಿಗಳನ್ನೂ ಮುಚ್ಚಿ. ಆದರೆ ಡೌನ್‌ಲೋಡ್ ಮಾಡಿದ ಫೈಲ್ ಅಲ್ಲೇ ಉಳಿಯುತ್ತದೆ, ಅದನ್ನು ಪ್ರೈವೇಟ್ ಕಿಟಕಿ ಅಳಿಸುವುದಿಲ್ಲ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಎಂದು ಧೈರ್ಯವಾಗಿರುವವರು ಗಮನಿಸಿ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ, ಅಷ್ಟೇ ಆ ಪಾಸ್‌ವರ್ಡ್. ನಿಮ್ಮನ್ನು ಬಲ್ಲ ಯಾರಿಗೂ ಅದು ಕಷ್ಟವಲ್ಲ. ಪ್ರಿಂಟ್ ಆದ ಮೇಲೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನಿಮ್ಮ ಕೈಯಾರೆ ಅಳಿಸಿ. ಎಲ್ಲೆಲ್ಲಿ ನಡೆಯುತ್ತದೋ ಅಲ್ಲೆಲ್ಲ, ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಬ್ರೌಸರ್ ಕೈಲಿ ಆಗದ ಕೆಲಸ

ಲಾಗಿನ್ ಆದ ಸೈಟಿಗೆ ನೀವು ಯಾರೆಂದು ಗೊತ್ತು, ಬ್ರೌಸರ್ ಯಾವುದಾದರೂ ಅಷ್ಟೇ. ಇಂಟರ್ನೆಟ್ ಕೊಡುವ ಕಂಪನಿಗೆ ನೀವು ಯಾವ ಸೈಟಿಗೆ ಹೋದಿರಿ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಇದನ್ನು ಮರೆಮಾಡಲು ಪುಕ್ಕಟೆ ವಿಪಿಎನ್ ಆ್ಯಪ್ (ನಿಮ್ಮ ಸಂಪರ್ಕವನ್ನು ತನ್ನ ಕಂಪ್ಯೂಟರಿನ ಮೂಲಕ ಹಾಯಿಸುವ ಆ್ಯಪ್) ಹಾಕಿಕೊಂಡರೆ, ಆ ಮಾಹಿತಿ ನಿಮಗೆ ಗುರುತೇ ಇಲ್ಲದ ಇನ್ನೊಬ್ಬರ ಕೈಗೆ ಹೋಗುತ್ತದೆ. ಮೋಸದ ಲಿಂಕ್ ಒತ್ತಿ ಒಟಿಪಿ ಕೊಟ್ಟರೂ ಬ್ರೌಸರ್ ಕಾಪಾಡುವುದಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

‘ನಾವೇನು ಕಳ್ಳರಾ, ಮುಚ್ಚಿಡೋಕೆ ಏನಿದೆ’ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರೇ ಒಬ್ಬರು ಇಳಿವಯಸ್ಸಿನಲ್ಲಿ ಹೋರಾಡಿ ಪಡೆದುಕೊಟ್ಟ ಹಕ್ಕನ್ನು ಒಂದು ‘ಅಲೋ’ ಬಟನ್ನಿಗೆ ಬಿಟ್ಟುಕೊಡಬಾರದು.

ಮನೆಯ ಹಿರಿಯರ ಮೊಬೈಲಿಗೆ

ಅಪ್ಪ, ಅಮ್ಮನ ಮೊಬೈಲಿನಲ್ಲಿ ಬದಲಿಸುವಾಗ ಕ್ರೋಮ್ ಗುರುತು ಇದ್ದ ಜಾಗದಲ್ಲೇ ಫೈರ್‌ಫಾಕ್ಸ್ ಗುರುತು ಇಡಿ. ಅವರ ಬೆರಳು ಹೋಗುವುದು ಜಾಗ ನೋಡಿಕೊಂಡೇ. ಅವರು ದಿನಾ ನೋಡುವ ಪುಟಗಳನ್ನು ಮೆನುವಿನಿಂದ ಹೋಮ್ ಸ್ಕ್ರೀನಿಗೆ ಸೇರಿಸಿ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿಯನ್ನು ‘ಬ್ಲಾಕ್’ ಎಂದು ಇಟ್ಟುಬಿಟ್ಟರೆ ಯಾವ ಸೈಟೂ ಕೇಳುವುದೇ ಇಲ್ಲ.

ಕೊನೆಗೆ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಆಟೋ ಅಪ್‌ಡೇಟ್ ತೆರೆದು ನೋಡಿ. ಅದು ಬಹಳ ಮೊಬೈಲುಗಳಲ್ಲಿ ‘ವೈಫೈ ಇದ್ದಾಗ ಮಾತ್ರ’ ಎಂದಿರುತ್ತದೆ. ತೋಟದ ಮನೆಯಲ್ಲಿ ವೈಫೈ ಇಲ್ಲದಿದ್ದರೆ ತಿಂಗಳುಗಟ್ಟಲೆ ಅಪ್‌ಡೇಟೇ ಆಗುವುದಿಲ್ಲ, ನೀವು ಆರಿಸಿಕೊಟ್ಟ ಒಳ್ಳೆಯ ಬ್ರೌಸರ್ ಹಳೇ ತೂತುಗಳ ಜೊತೆ ಹಾಗೇ ಕೂತಿರುತ್ತದೆ. ಅದನ್ನು ಯಾವ ನೆಟ್‌ವರ್ಕ್ ಆದರೂ ಸರಿ ಎಂದು ಬದಲಿಸಿ. ಡೇಟಾ ಖರ್ಚಿನ ಚಿಂತೆ ಇದ್ದರೆ, ಅವರು ಪೇಟೆಗೆ ಬಂದಾಗ ನಿಮ್ಮ ಹಾಟ್‌ಸ್ಪಾಟ್‌ಗೆ ಜೋಡಿಸಿ ಫೈರ್‌ಫಾಕ್ಸ್ ಒಂದನ್ನಾದರೂ ಅಪ್‌ಡೇಟ್ ಮಾಡಿ ಕಳಿಸಿ.